ಇಪ್ಪತ್ತಕ್ಕೆ ಹನ್ನೊಂದು

ಇಚಿಲಂಪಾಡಿ
11-8-1974

ಪ್ರೀತಿಯ ಮೇದಪ್ಪಣ್ಣನಿಗೆ ಐಪ್ ಮಾಡುವ ವಂದನೆಗಳು.

ನೆರೆ ಇಳಿಯಿತು. ಜೀವಕ್ಕೇನೂ ಆಗಲಿಲ್ಲ. ಹೊಳೆಬದಿಯ ಮೂವತ್ತು ರಬ್ಬರ್ ಗಿಡ ಹೋಯಿತು, ರೋಸಮ್ಮನ ಎರಡು ಆಡು ಹೋಯಿತು. ರೋಸಮ್ಮ ಗಿಡಕ್ಕೆ ಅಳಲಿಲ್ಲ, ಆಡಿಗೆ ಅತ್ತಳು. ಈಗ ಮುಖ್ಯ ವಿಷಯ. ನಿಂತಿದ್ದರೆ ಕುಳಿತುಕೊಂಡು ಓದಿ.

ಸಿಕ್ಕಿತು.

ಹೋದ ಸೋಮವಾರ ಉಪ್ಪಿನಂಗಡಿಗೆ ಹೋಗಿದ್ದೆ. ಎರಡು ನದಿ ಕೂಡುವಲ್ಲಿ ನೆರೆ ಹೊಸ ಮರಳು ತಂದು ಹಾಕಿದೆ. ದೋಣಿಯ ಶುಕೂರ್ ಆಚೆ ದಡಕ್ಕೆ ಬಿಟ್ಟಾಗ ನಾನು ಮರಳಿನಲ್ಲಿ ಇಳಿದು ನಡೆದೆ. ಕಾಲಿಗೆ ಒಂದು ಕಲ್ಲು ತಾಗಿತು. ಕೋಳಿಮೊಟ್ಟೆಗಿಂತ ತುಸು ದೊಡ್ಡದು. ಕಾಡಿಗೆಯಂಥ ಕಪ್ಪು. ಎಣ್ಣೆ ಹಚ್ಚಿ ಉಜ್ಜಿದ ಹಾಗೆ ನುಣುಪು. ಒಂದು ಬದಿಯಲ್ಲಿ ಸಣ್ಣ ಬಾಯಿ. ಟಾರ್ಚು ಹಿಡಿದು ನೋಡಿದರೆ, ಮೇದಪ್ಪಣ್ಣ, ಒಳಗೆ ಚಕ್ರ! ಕಛ್‌ನಲ್ಲಿ ಕಂದಕ ತೋಡುವಾಗ ನಾವಿಬ್ಬರೂ ಹೆಕ್ಕುತ್ತಿದ್ದೆವಲ್ಲ, ಅದೇ ಸುರುಳಿ, ಅದೇ ಅಂಚಿನ ಗೆರೆ. ಸಮುದ್ರದ ಹುಳ ಕಲ್ಲಾದದ್ದೇ ಹೌದು.

ಸೈನ್ಯದ ಪಟ್ಟಾಳ ಬಿಟ್ಟು ಬಂದು ಆರು ವರ್ಷ ಆಯಿತು. ವರ್ಷಕ್ಕೊಂದು ಒಳ್ಳೆಯ ಕಲ್ಲನ್ನು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಒಬ್ಬರಿಗೊಬ್ಬರು ಕಳುಹಿಸಿದೆವು, ಇಪ್ಪತ್ತಕ್ಕೆ ಅಂಕ ಹಾಕಿದೆವು. ಆದರೆ ಯಾವ ಕಲ್ಲು ನಮ್ಮೂರಿನದ್ದು? ನನ್ನ ಶಂಖಗಳು ಕೇರಳದ ಕೊಲ್ಲಂನಿಂದ ನಾದಿನಿ ಮೇರಿಕುಟ್ಟಿ ಕಳುಹಿಸಿದ್ದು. ನಿಮ್ಮ ಚಿಪ್ಪುಗಳು ತಮಿಳುನಾಡಿನ ಸುಣ್ಣಕಲ್ಲಿನ ಗುಂಡಿಯಿಂದ ಲಾರಿಯ ಹೈದರ್ ತಂದದ್ದು. ನಮ್ಮ ಕೆಂಪು ಮುರಕಲ್ಲಿನಲ್ಲಿ ಎಂಥದೂ ಇಲ್ಲ ಅಂತ ನೀವೇ ಹೇಳುತ್ತಿದ್ದಿರಿ. ಈಗ ನಮ್ಮ ನೀರಿನಲ್ಲೇ ಸಿಕ್ಕಿತು.

ಡಬ್ಬಿಯನ್ನು ಎಂದಿನಂತೆ ಪುತ್ತೂರು ಬಸ್‌ಸ್ಟ್ಯಾಂಡಿನ ಮೊಯ್ದಿನಬ್ಬರ ಅಂಗಡಿಯಲ್ಲಿ ಕೊಟ್ಟಿದ್ದೇನೆ. ಈ ಸಲ ಅಂಕ ಹಾಕುವಾಗ ಕೈ ಸ್ವಲ್ಪ ಸಡಿಲ ಇರಲಿ.

ನಿಮ್ಮ ತಮ್ಮ,
ಐಪ್


ಅರಂತೋಡು
29-8-1974

ಪ್ರಿಯ ಐಪ್,

ಡಬ್ಬಿ ಸಿಕ್ಕಿತು. ಮೊಯ್ದಿನಬ್ಬ ಅದನ್ನು ಬೆಲ್ಲದ ಗೋಣಿಯ ಮೇಲೆ ಇಟ್ಟಿದ್ದರು. ಇರುವೆ ಕೊಡವಿ ತೆಗೆದೆ.

ಮೂರು ದಿನ ನೋಡಿದೆ. ಬೆಳಿಗ್ಗೆ ನೋಡಿದೆ, ಸಂಜೆ ನೋಡಿದೆ, ಕನ್ನಡಕ ಹಾಕಿ ನೋಡಿದೆ, ತೆಗೆದೂ ನೋಡಿದೆ. ಕಲ್ಲು ಚೆನ್ನಾಗಿದೆ. ಇಲ್ಲ ಅನ್ನುವುದಿಲ್ಲ. ಆದರೆ ತೀರ್ಪು ತೀರ್ಪೇ. ಬಾಯಿ ಸಣ್ಣದು, ಒಳಗಿನದ್ದು ಪೂರ್ತಿ ಕಾಣುವುದಿಲ್ಲ: ಎರಡು ಅಂಕ ಕಳೆದೆ. ನುಣುಪು ಅತಿಯಾಯಿತು: ಮೂರು ಕಳೆದೆ. ಸಿಕ್ಕಿದ್ದು ಮರಳಿನಲ್ಲಿ, ಬಂಡೆಯಲ್ಲಿ ಅಲ್ಲ: ನಾಲ್ಕು ಕಳೆದೆ. ಉಳಿದದ್ದು ಹನ್ನೊಂದು.

ನದಿಗೂ ಕಣ್ಣಿಲ್ಲ ನೋಡು. ನಾವು ಏಳು ತಲೆಯಿಂದ ಈ ಮಣ್ಣು ಅಗೆಯುತ್ತಿದ್ದೇವೆ. ನನ್ನ ಅಜ್ಜ ಅಗೆದರು, ಅಪ್ಪ ಅಗೆದರು, ನಾನು ಪಿಕಾಸಿ ಹಿಡಿದು ಗುಡ್ಡೆಯನ್ನೇ ಅಗೆದೆ. ಒಂದು ಬಸವನಹುಳದ ಗುರುತು ಕೂಡ ಸಿಗಲಿಲ್ಲ. ನಿನ್ನೆ ಮೊನ್ನೆ ಗಂಟುಮೂಟೆ ಹೊತ್ತು ಬಂದವನ ಕಾಲಿಗೆ ಅದಾಗಿಯೇ ಬಂದು ತಾಗಿತು! ತಮಾಷೆಗೆ ಹೇಳಿದೆ.

ಸೇವಂತಿ ಡಬ್ಬಿ ತೆರೆದವಳು ಕಲ್ಲನ್ನು ನೋಡಿ ಕೈ ಮುಗಿದಳು. "ಇದನ್ನ ಎಲ್ಲಿಂದ ತಂದ್ರಿ? ಸ್ನಾನ ಮಾಡದೆ ಮುಟ್ಟಿದ್ರಾ?" ಅಂತ ನನ್ನನ್ನು ಜೋರು ಮಾಡಿದಳು. ಅವಳಿಗೆ ಹಳೆಯ ಕಲ್ಲು ಕಂಡರೆ ಕೈ ಮುಗಿಯುವ ಅಭ್ಯಾಸ. ಇಂಥದ್ದನ್ನು ನಾನಂತೂ ಎಲ್ಲಿಯೂ ಕಂಡವನಲ್ಲ.

ಡಬ್ಬಿ ವಾಪಸು ಕಳುಹಿಸಿದ್ದೇನೆ.

ಇಂತು,
ಮೇದಪ್ಪ


ಇಚಿಲಂಪಾಡಿ
8-9-1974

ಪ್ರೀತಿಯ ಮೇದಪ್ಪಣ್ಣನಿಗೆ,

ಹನ್ನೊಂದು! ಹೋದ ವರ್ಷ ಮೇರಿಕುಟ್ಟಿಯ ಮುರುಕು ಶಂಖಕ್ಕೆ ಹದಿಮೂರು ಕೊಟ್ಟಿರಲ್ಲ, ಆ ಕೈಯೇ ಇದು? ನಿಮ್ಮ ಪತ್ರವನ್ನು ರೋಸಮ್ಮನಿಗೆ ಓದಿ ಹೇಳಿದೆ. "ಅವರಿಗೆ ಹೊಟ್ಟೆ ಉರಿ, ಮಜ್ಜಿಗೆ ಕುಡೀಲಿಕ್ಕೆ ಬರೀರಿ" ಅಂದಳು. ಬರೆದಿದ್ದೇನೆ.

ನೀವು ಅಂಕ ಕೊಡದಿದ್ದರೇನು, ಸೇವಂತಿಯಕ್ಕ ಕೈ ಮುಗಿದರಲ್ಲ. ಅದು ನನಗೆ ಇಪ್ಪತ್ತಕ್ಕೆ ಇಪ್ಪತ್ತು. ಕಲ್ಲಿನ ವಯಸ್ಸು ಹೆಂಗಸರಿಗೆ ಬೇಗ ಗೊತ್ತಾಗುತ್ತದೆ.

ಇನ್ನೊಂದು ಸುದ್ದಿ. ಪುತ್ತೂರಿನ ಶಾಲೆಯೊಂದರಲ್ಲಿ ಜನವರಿ ಇಪ್ಪತ್ತಾರಕ್ಕೆ ವಿಜ್ಞಾನದ ಪ್ರದರ್ಶನ ಉಂಟು. ಅಲ್ಲಿಯ ವಿಜ್ಞಾನದ ಮೇಷ್ಟ್ರಿಗೆ ಬಾಯಲ್ಲೇ ಕಲ್ಲಿನ ವಿಷಯ ಹೇಳಿದೆ. ಕಲ್ಲನ್ನು ಇನ್ನೂ ತೋರಿಸಿಲ್ಲ, ಅವತ್ತೇ ತೋರಿಸುತ್ತೇನೆ. ನಮ್ಮೂರಿನದ್ದೇ ಆದರೆ ಅದನ್ನು ಶಾಲೆಯ ಗಾಜಿನ ಕಪಾಟಿನಲ್ಲಿ ಕಾಯಂ ಇಡುತ್ತಾರಂತೆ. ಕೆಳಗೆ ಕಾರ್ಡು: ಈ ಸೀಮೆಯ ಮೊದಲ ಕಲ್ಲಾದ ಜೀವ, ಸಿಕ್ಕಿದ್ದು ಇಂಥವರಿಗೆ, ಇಂಥ ಊರು.

ನಗಬೇಡಿ. ಆ ಕಾರ್ಡು ನನಗೆ ಬೇಕು. ಆರು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಕೇರಳದಿಂದ ಈ ಕಾಡಿಗೆ ಬಂದವ ನಾನು. ಅಪ್ಪನನ್ನು ಮಲೇರಿಯಾ ಎರಡೇ ವರ್ಷದಲ್ಲಿ ತಿಂದಿತು, ಇಲ್ಲಿಯೇ ಹೂತೆವು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಆದರೂ ಹೋದ ವಾರ ಕಡಬದ ಬಸ್ಸಿನಲ್ಲಿ ಸೀಟಿಗೆ ಜಗಳ ಆದಾಗ ಒಬ್ಬ, "ನಿಮ್ಮ ಊರಿನ ಬಸ್ಸಲ್ಲಿ ಹೋಗಿ ಕೂತ್ಕೊಳ್ಳಿ" ಅಂದ. ನಿಂತೇ ಬಂದೆ. ಯಾವ ಊರಿನ ಬಸ್ಸು ಮೇದಪ್ಪಣ್ಣ? ಗಾಜಿನೊಳಗೆ ನನ್ನ ಹೆಸರಿನ ಎದುರು ಇಚಿಲಂಪಾಡಿ ಅಂತ ಅಚ್ಚಾಗಿ ಕುಳಿತರೆ, ಮತ್ತೆ ನನ್ನ ಮಕ್ಕಳಿಗೆ ಯಾರೂ ಆ ಮಾತು ಹೇಳಲಿಕ್ಕಿಲ್ಲ.

ನಿಮ್ಮ ತಮ್ಮ,
ಐಪ್


ಅರಂತೋಡು
2-11-1974

ಪ್ರಿಯ ಐಪ್,

ಬರೆಯಲು ತಡವಾಯಿತು. ಕೆಲಸ ಇತ್ತು. ಕೆಲಸ ಎಂತದೆಂದು ಡಬ್ಬಿ ತೆರೆದರೆ ಗೊತ್ತಾಗುತ್ತದೆ.

ನಿನಗೆ ಮಾತ್ರ ಸಿಗಬೇಕೆಂದು ಉಂಟಾ? ಹೋದ ವಾರ ಪಯಸ್ವಿನಿಯಲ್ಲಿ ಎಮ್ಮೆ ಮೀಯಿಸಲು ಇಳಿದಿದ್ದೆ. ಎಮ್ಮೆ ಮಡುವಿಗೆ ಹೋಯಿತು, ಅದನ್ನು ಎಬ್ಬಿಸಲು ಹೋದಾಗ ಬಂಡೆಯ ಸಂದಿಯಲ್ಲಿ ಏನೋ ಕಂಡಿತು. ಮರಳಿನಲ್ಲಿ ಅಲ್ಲ, ಬಂಡೆಯಲ್ಲಿ, ಗಮನಿಸು. ಅಂಗೈ ಅಗಲ. ಗೋಧಿ ಬಣ್ಣ. ಸುರುಳಿ ಪೂರ್ತಿ ತೆರೆದೇ ಇದೆ, ಟಾರ್ಚು ಬೇಡ, ಕನ್ನಡಕ ಬೇಡ. ಹತ್ತು ಮಾರು ದೂರದಿಂದ ನೋಡಿದರೂ ಇದು ಸಮುದ್ರದ ಜೀವ ಎಂದು ಹೇಳಬಹುದು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು. ಪ್ರದರ್ಶನಕ್ಕೆ ಯಾವುದು ಯೋಗ್ಯ ಎಂದು ನಾನು ಹೇಳುವುದಿಲ್ಲ. ನೀನೇ ಅಂಕ ಹಾಕು. ಮನಸ್ಸಾಕ್ಷಿಯಿಂದ ಹಾಕು.

ಇಂತು,
ಮೇದಪ್ಪ


ಇಚಿಲಂಪಾಡಿ
20-11-1974

ಶ್ರೀ ಮೇದಪ್ಪನವರಿಗೆ,

ಕಲ್ಲು ತಲುಪಿತು. ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತೆ. ನಿಮ್ಮ ಕಲ್ಲಿಗೆ ಹತ್ತೊಂಬತ್ತು ಅಂಕ ಕೊಟ್ಟಿದ್ದೇನೆ. ಇದುವರೆಗೆ ನಾನು ಯಾವ ಕಲ್ಲಿಗೂ ಇಷ್ಟು ಕೊಟ್ಟವನಲ್ಲ ಎಂದು ನಿಮಗೆ ಗೊತ್ತು. ಒಂದು ಅಂಕ ಯಾಕೆ ಕಡಿಮೆ ಎಂಬುದನ್ನು ಮುಖತಃ ಹೇಳುತ್ತೇನೆ.

ಎರಡೂ ಕಲ್ಲುಗಳನ್ನು ನಾನೇ ಪ್ರದರ್ಶನಕ್ಕೆ ಒಯ್ಯುತ್ತೇನೆ. ನಿಮ್ಮದನ್ನು ಮುಂದೆ ಇಡುತ್ತೇನೆ. ನೀವು ಬರಲೇಬೇಕು. ಎಲ್ಲ ಜನರ ಎದುರು ನಿಂತು ಎಮ್ಮೆಯ ಕಥೆಯನ್ನು ನಿಮ್ಮ ಬಾಯಿಂದಲೇ ಹೇಳಬೇಕು. ನನ್ನಿಂದ ಅಷ್ಟು ಚೆನ್ನಾಗಿ ಹೇಳಲಿಕ್ಕಾಗದು.

ಇತಿ,
ಐಪ್


ಅರಂತೋಡು
5-12-1974

ಪ್ರಿಯ ಐಪ್,

ಹತ್ತೊಂಬತ್ತು ಎಂದರೆ ಹೆಚ್ಚಾಯಿತು. ಹದಿನಾಲ್ಕು ಕೊಟ್ಟಿದ್ದರೆ ನಂಬುತ್ತಿದ್ದೆ. ನನ್ನ ಹೆಸರಿನ ಹಿಂದೆ "ಶ್ರೀ" ಯಾವಾಗ ಬಂತು?

ಯೋಚನೆ ಮಾಡಿದೆ. ಪ್ರದರ್ಶನ ಗಿದರ್ಶನ ನನಗೆ ಒಗ್ಗುವುದಿಲ್ಲ. ನನ್ನ ಕಲ್ಲನ್ನು ಡಬ್ಬಿಯಲ್ಲಿ ಹಾಕಿ ವಾಪಸು ಕಳುಹಿಸು. ಬೇಕಾದರೆ ನಿನ್ನದನ್ನು ಮಾತ್ರ ಒಯ್ಯಿ. ಅಥವಾ ನಿನ್ನದನ್ನೂ ಒಯ್ಯಬೇಡ. ಬರುವ ವರ್ಷ ನೋಡುವ.

ಮೇದಪ್ಪ


ಇಚಿಲಂಪಾಡಿ
18-12-1974

ಶ್ರೀ ಮೇದಪ್ಪನವರಿಗೆ,

ಕ್ರಿಸ್ಮಸ್ ಕೆಲಸದ ನಡುವೆ ಈ ಕಾರ್ಡು. ನಿಮ್ಮ ಕಲ್ಲನ್ನು ಮೇಷ್ಟ್ರಿಗೆ ಈಗಾಗಲೇ ಕೊಟ್ಟಾಯಿತು. ವಾಪಸು ಕೇಳಿದರೆ ಮರ್ಯಾದೆ ಅಲ್ಲ. ನನ್ನದನ್ನು ರೋಸಮ್ಮ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಾಳೆ. ಇಪ್ಪತ್ತಾರಕ್ಕೆ, ಬೆಳಿಗ್ಗೆ ಹತ್ತಕ್ಕೆ. ಬನ್ನಿ.

ಐಪ್


ಅರಂತೋಡು
20-1-1975

ಪ್ರಿಯ ಐಪ್,

ನನಗೆ ಜ್ವರ. ಪುತ್ತೂರಿಗೆ ಬರಲಿಕ್ಕಾಗುವುದಿಲ್ಲ. ಆದರೆ ಒಂದು ಮಾತು ಹೇಳದಿದ್ದರೆ ಜ್ವರ ಬಿಡುವ ಹಾಗೆ ಕಾಣುವುದಿಲ್ಲ.

ನಿನಗೆ ಸಿಕ್ಕಿದ್ದು ಸಾಲಿಗ್ರಾಮ. ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡುವ ಕಲ್ಲು. ಒಳಗಿನ ಚಕ್ರ ಹುಳದ್ದೇ ಇರಬಹುದು, ಆದರೆ ಅದು ನಮ್ಮ ನದಿಯಲ್ಲಿ ಹುಟ್ಟಿದ್ದಲ್ಲ. ದೂರದಿಂದ ಯಾತ್ರೆ ಹೋದವರು ತರುವುದು. ಯಾರದೋ ಮನೆಯಿಂದ ನೆರೆ ಎಳೆದುಕೊಂಡು ಬಂದಿರಬೇಕು, ಇಲ್ಲವೇ ಪೂಜೆಗೆ ಜನ ಇಲ್ಲವೆಂದು ಯಾರೋ ಸಂಗಮದಲ್ಲಿ ಬಿಟ್ಟಿರಬೇಕು. ಅದನ್ನು ಪ್ರದರ್ಶನಕ್ಕೆ ಒಯ್ಯಬೇಡ. ನೋಡಿದವರು ನಗುತ್ತಾರೆ.

ಆಗಲೇ ಹೇಳಬೇಕಿತ್ತು. ಹೇಳುವ ಅಂತಲೇ ಇದ್ದೆ.

ಮೇದಪ್ಪ


ಇಚಿಲಂಪಾಡಿ
2-2-1975

ಮೇದಪ್ಪನವರೇ,

ನಿಮ್ಮ ಪತ್ರ ಜನವರಿ ಇಪ್ಪತ್ತೊಂಬತ್ತಕ್ಕೆ ಸಿಕ್ಕಿತು. ಪತ್ರದ ಮೇಲೆ ನೀವು ಬರೆದ ತಾರೀಕು ಇಪ್ಪತ್ತು. ಲಕೋಟೆಯ ಮೇಲೆ ಅಂಚೆಯವರು ಹೊಡೆದ ತಾರೀಕು ಇಪ್ಪತ್ತೈದು. ಐದು ದಿನ ಈ ಪತ್ರ ಎಲ್ಲಿತ್ತು? ಜ್ವರ ಅದಕ್ಕೂ ಬಂದಿತ್ತೇ?

ಇಪ್ಪತ್ತಾರಕ್ಕೆ ಏನಾಯಿತೆಂದು ಹೇಳುತ್ತೇನೆ. ನಿಮಗೆ ಕೇಳಲು ಆಸೆ ಇರಬಹುದು.

ಬಿಳಿ ಷರ್ಟು ಹಾಕಿಕೊಂಡು ಹೋಗಿದ್ದೆ. ರೋಸಮ್ಮನೂ ಮಕ್ಕಳೂ ಬಂದಿದ್ದರು. ಮೇಷ್ಟ್ರು ಹತ್ತಿ ಬಿಡಿಸಿದರು. ಬಿಡಿಸಿದವರು ಕೂಡಲೇ ಕಾಲಿನ ಚಪ್ಪಲಿ ಕಳಚಿದರು. ನಾನು ಯಾಕೆಂದು ತಿಳಿಯದೆ ನನ್ನದನ್ನೂ ಕಳಚಿದೆ.

"ಇದು ಸಾಲಿಗ್ರಾಮ ಮಾರಾಯ್ರೆ. ನೇಪಾಳದ ಗಂಡಕಿ ನದಿಯದ್ದು. ನಮ್ಮ ಮನೆಯಲ್ಲೇ ಅಜ್ಜನ ಕಾಲದ್ದು ನಾಲ್ಕು ಉಂಟು" ಅಂದರು. "ಒಳಗೆ ಇರುದು ಜೀವವೇ, ಅದು ಹೌದು. ಆದ್ರೆ ಊರು ಇದಲ್ಲ."

ಅವರು ಕಲ್ಲಿಗೆ ಹೇಳಿದ ಮಾತು. ಅಷ್ಟು ನನಗೆ ಗೊತ್ತು. ಆದರೂ ಕಿವಿ ಬಿಸಿಯಾಯಿತು. ಹಿಂದಿನಿಂದ ಯಾರೋ, "ಎಂತ ಐಪಣ್ಣ, ದೇವರನ್ನೇ ಹಿಡ್ಕೊಂಡು ಬಂದ್ರಾ? ಇನ್ನು ಇಗರ್ಜಿಗೆ ಹೋಗುದು ಬಿಟ್ಟು ಪೂಜೆ ಶುರು ಮಾಡುದಾ?" ಅಂದ. ನಗೆ ಎದ್ದಿತು. ನನ್ನ ದೊಡ್ಡ ಮಗಳು ಲೈಸಾ ಅಮ್ಮನ ಸೆರಗಿನ ಹಿಂದೆ ಹೋಗಿ ನಿಂತಳು. ಹದಿಮೂರು ವರ್ಷದ ಹುಡುಗಿ.

ಆಗ ಸೇವಂತಿಯಕ್ಕ ಕೈ ಮುಗಿದದ್ದು ನೆನಪಾಯಿತು. ಅವರು ಕಲ್ಲಿನ ವಯಸ್ಸಿಗೆ ಮುಗಿದದ್ದಲ್ಲ. ಅಂದರೆ ಆಗಸ್ಟ್ ತಿಂಗಳಿನಲ್ಲೇ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು, ಬಾಯಿ ಸಣ್ಣದು ಅಂತ ಎರಡು ಅಂಕ ಕಳೆದಿರಿ!

ಈಗ ನನ್ನ ಪಾಪವನ್ನೂ ಹೇಳುತ್ತೇನೆ. ನಿಮ್ಮ ಕಲ್ಲನ್ನು ಡಬ್ಬಿಯಿಂದ ತೆಗೆದ ಕ್ಷಣವೇ ನನಗೆ ಗುರುತು ಸಿಕ್ಕಿತ್ತು. ಅದು ಪಯಸ್ವಿನಿಯದ್ದಲ್ಲ, ಕಛ್‌ನದ್ದು. ಸುರುಳಿಯ ಸಂದಿನಲ್ಲಿ ಆ ಹಳದಿ ಮಣ್ಣು ಇನ್ನೂ ಇತ್ತು. ಅಂಚಿನಲ್ಲಿ ಪಿಕಾಸಿಯ ಪೆಟ್ಟು. ಆ ಪೆಟ್ಟು ನನ್ನದು. ಕಂದಕದಲ್ಲಿ ಅದನ್ನು ಅಗೆದದ್ದು ನಾನು, ಮೇಲೆ ನಿಂತು ಎತ್ತಿಕೊಂಡದ್ದು ನೀವು. ಒಂದು ಅಂಕ ಕಳೆದದ್ದು ಆ ಪೆಟ್ಟಿಗೆ. ಹತ್ತೊಂಬತ್ತು ಕೊಟ್ಟದ್ದು ಪ್ರೀತಿಯಿಂದಲ್ಲ. ನೀವು ಜನರ ಎದುರು ಎಮ್ಮೆಯ ಕಥೆ ಹೇಳಿ ಮುಗಿಸಬೇಕು, ಆಮೇಲೆ ನಾನು ಎದ್ದು ನಿಜ ಹೇಳಬೇಕು ಅಂತ ಎರಡು ತಿಂಗಳು ಕಾದೆ. ಹೇಳುವ ಮಾತನ್ನು ರಬ್ಬರ್ ಮರಗಳ ನಡುವೆ ನಿಂತು ಅಭ್ಯಾಸ ಕೂಡ ಮಾಡಿದ್ದೆ.

ನಗೆ ನಿಂತ ಮೇಲೆ ಮೇಷ್ಟ್ರು ನಿಮ್ಮ ಕಲ್ಲು ಎತ್ತಿ ಕೇಳಿದರು: "ಇದು ಪಯಸ್ವಿನಿಯದ್ದೇ ಹೌದಾ? ನನಗೆ ಇದರಲ್ಲಿ ಅಷ್ಟು ಗೊತ್ತಿಲ್ಲ. ನೀವು ಹೇಳಿದ ಹಾಗೆ."

ಎಲ್ಲರೂ ನನ್ನನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ. ಗೊತ್ತಿದ್ದೂ ಸುಮ್ಮನಿರುವುದು ಹೇಗೆ ಅಂತ ನಿಮ್ಮಿಂದಲೇ ಕಲಿತದ್ದು. ಸುಮ್ಮನಿದ್ದದ್ದು ಹೌದು ಅಂದ ಹಾಗೆ ಆಯಿತು.

ಈಗ ಗಾಜಿನ ಕಪಾಟಿನಲ್ಲಿ ನಿಮ್ಮ ಕಲ್ಲು ಇದೆ. ಈ ಸೀಮೆಯ ಮೊದಲ ಕಲ್ಲಾದ ಜೀವ, ಸಿಕ್ಕಿದ್ದು ಮೇದಪ್ಪನವರಿಗೆ, ಅರಂತೋಡು. ಮಕ್ಕಳು ಸಾಲಾಗಿ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಿಮಗೆ ಬೇಕಾಗಿದ್ದದ್ದು ಸಿಕ್ಕಿತು. ಹೋಗಿ ನೋಡಿಕೊಂಡು ಬನ್ನಿ.

ಕಪ್ಪು ಕಲ್ಲು ನನ್ನ ಮನೆಯಲ್ಲಿದೆ. ಅದನ್ನು ಎಲ್ಲಿಡಬೇಕೆಂದು ಗೊತ್ತಿಲ್ಲ. ರೋಸಮ್ಮ ಅದರ ಕೋಣೆಯಲ್ಲಿ ಒಣಮೀನು ಇಡುವುದನ್ನು ನಿಲ್ಲಿಸಿದ್ದಾಳೆ.

ಐಪ್


ಅರಂತೋಡು
16-2-1975

ಐಪ್,

ನಿನ್ನ ಪತ್ರವನ್ನು ಸೇವಂತಿ ಓದಿದಳು. ಓದಿ ನನ್ನ ಮುಖ ನೋಡಿ, "ನಿಮ್ಗೆ ನಾಚಿಕೆ ಉಂಟಾ?" ಅಂತ ಕೇಳಿದಳು. ಅವತ್ತಿನಿಂದ ಅನ್ನ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಪತ್ರ ಐದು ದಿನ ಎಲ್ಲಿತ್ತೆಂದು ಕೇಳಿದೆ. ನನ್ನ ಅಂಗಿಯ ಜೇಬಿನಲ್ಲಿತ್ತು. ದಿನಾ ಅಂಚೆ ಡಬ್ಬದವರೆಗೆ ಹೋದೆ, ದಿನಾ ವಾಪಸು ಬಂದೆ. ಇಪ್ಪತ್ತೈದಕ್ಕೆ ಹಾಕಿದರೆ ಇಪ್ಪತ್ತಾರಕ್ಕೆ ತಲುಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಜ್ವರ ಇರಲಿಲ್ಲ. ನೀನು ಕಾರ್ಡಿನ ವಿಷಯ ಬರೆದ ದಿನದಿಂದ ನನಗೆ ನಿದ್ದೆ ಇರಲಿಲ್ಲ. ಬಸ್ಸಿನಲ್ಲಿ ನಿನಗೆ ಆ ಮಾತು ಹೇಳಿದವ ಬೇರೆ ಯಾರೋ. ಆದರೆ ಅದೇ ಮಾತನ್ನು ತಮಾಷೆ ಅಂತ ಪತ್ರದಲ್ಲಿ ಬರೆದವ ನಾನು. ಅದು ತಮಾಷೆ ಆಗಿರಲಿಲ್ಲ.

ಕಪ್ಪು ಕಲ್ಲನ್ನು ಸಂಗಮದಲ್ಲಿಯೇ ಬಿಡಬೇಕಂತೆ. ಸಿಕ್ಕಿದವನೇ ಬಿಡಬೇಕು, ಯಾವ ಜಾತಿ ಅಂತ ನದಿ ಕೇಳುವುದಿಲ್ಲ ಅಂತ ಸೇವಂತಿ ಬಾಗಿಲ ಹಿಂದಿನಿಂದ ಹೇಳಿದ್ದಾಳೆ. ಅದು ನಿನಗೆ ಹೇಳಿದ್ದು, ನನಗಲ್ಲ.

ನಿನ್ನೆ ಪುತ್ತೂರಿಗೆ ಹೋದೆ. ಶನಿವಾರ, ಶಾಲೆ ಬಿಡುವ ಹೊತ್ತು. ಕಪಾಟು ಮೆಟ್ಟಿಲಿನ ಪಕ್ಕ ಇದೆ, ಹೋಗುವ ಬರುವ ಎಲ್ಲರಿಗೂ ಕಾಣುತ್ತದೆ. ನನ್ನ ಹೆಸರು ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ನಾನು ಸುಳ್ಳು ಹೇಳುವುದಿಲ್ಲ ಐಪ್, ಎರಡು ನಿಮಿಷ ನಿಂತು ಅದನ್ನು ನೋಡಿದೆ. ಚೆನ್ನಾಗಿ ಕಾಣುತ್ತಿತ್ತು.

ಮೇಷ್ಟ್ರು ಬಂದರು. ಹೆಸರು ಹೇಳಿದ ಕೂಡಲೇ, "ಓಹೋ ಮೇದಪ್ಪಣ್ಣ! ನಿಮ್ಮ ಎಮ್ಮೆ ಹೇಗುಂಟು?" ಅಂತ ನಕ್ಕರು. ನೀನು ಕಲ್ಲು ಕೊಡುವಾಗ ಎಮ್ಮೆಯ ಕಥೆಯೂ ಅಲ್ಲಿಗೆ ಮುಟ್ಟಿದೆ.

"ಎಮ್ಮೆ ಇಲ್ಲ ಮಾರಾಯ್ರೆ" ಅಂದೆ. "ಎಮ್ಮೆ ಮಾರಿ ನಾಲ್ಕು ವರ್ಷ ಆಯ್ತು. ಈ ಕಲ್ಲು ಕಛ್‌ನದ್ದು. ನಾನು ಹೇಳಿದ್ದು ಸುಳ್ಳು."

ಅವರ ನಗೆ ಮುಖದಲ್ಲೇ ಉಳಿಯಿತು. ಮತ್ತೆ ಕಪಾಟಿನ ಬೀಗ ತೆಗೆದರು, ಕಾರ್ಡು ಎಳೆದರು. ಕಲ್ಲನ್ನು ತೆಗೆದುಕೊಳ್ಳಲು ಕೈ ನೀಡಿದೆ. ಅವರು ಕೊಡಲಿಲ್ಲ. "ಕಛ್‌ನದ್ದಾದ್ರೂ ಮಕ್ಕಳು ನೋಡ್ಲಿ, ಇಲ್ಲಿ ಇಂಥದ್ದು ಇನ್ನೊಂದಿಲ್ಲ" ಅಂದು ಹೊಸ ಕಾರ್ಡು ತೆಗೆದು ಕೇಳಿದರು: "ಅಗೆದದ್ದು ಯಾರು?"

"ಐಪ್" ಅಂದೆ.

"ಸಾಲಿಗ್ರಾಮ ತಂದವರಾ? ಅವರು ಕೇರಳದವರಲ್ವಾ? ಊರು ಎಂತ ಬರೀಲಿ?"

"ಕೇರಳ ಅಲ್ಲ, ಇಲ್ಲಿಯವರೇ. ಇಚಿಲಂಪಾಡಿ ಅಂತ ಬರೀರಿ."

ಅವರು ಬರೆದರು. ಅಲ್ಲಿಯೇ ನಿಂತು ಓದಿ ನೋಡಿದೆ, ತಪ್ಪಿಲ್ಲ. ಇನ್ನು ಲೈಸಾಳನ್ನು ಕರೆದುಕೊಂಡು ಹೋಗಿ ತೋರಿಸು. ನೀನು ನನಗೆ ಪತ್ರ ಬರೆಯಬೇಕೆಂದು ನಾನು ಕೇಳುವುದಿಲ್ಲ.

ಕಾರ್ಡಿನಲ್ಲಿ ಕೆಳಗೆ ಇನ್ನೂ ಒಂದು ಗೆರೆಯಷ್ಟು ಜಾಗ ಉಳಿದಿತ್ತು. "ಜೊತೆಗೆ ನೀವೂ ಇದ್ರಿ ಅಲ್ವಾ, ನಿಮ್ಮ ಹೆಸರೂ ಸೇರಿಸುದಾ?" ಅಂತ ಮೇಷ್ಟ್ರು ಪೆನ್ನು ಹಿಡಿದೇ ಕೇಳಿದರು. ಬೇಡ ಅಂದೆ. ಊರಿಗೆ ಮರಳುವ ಬಸ್ಸು ಕುಂಬ್ರ ದಾಟಿತು, ಕಾವು ದಾಟಿತು. ಹೂಂ ಅನ್ನಬಹುದಿತ್ತು ಅಂತ ಜಾಲ್ಸೂರಿನವರೆಗೂ ಅನಿಸುತ್ತಲೇ ಇತ್ತು.

ಮೇದಪ್ಪ